ಹದಿಮೂರನೆಯ ತಿಂಗಳ ರಾಗಿ

“ಕೇಳಿರಿ, ಕೇಳಿರಿ. ಅರಮನೆಯ ಊಳಿಗ ಮುಗಿಸಿ ಮನೆ ಸೇರಿದವರು ಹೋದ ಸಲದ ಅಧಿಕಮಾಸದಲ್ಲಿ ಪಡೆದ ಮಾಸಾಶನ ಹೆಚ್ಚುವರಿಯೆಂದು ಕಂಡುಬಂದಿದೆ. ವರ್ಷಕ್ಕೆ ಹನ್ನೆರಡೇ ತಿಂಗಳು. ಹದಿಮೂರನೆಯದರ ರಾಗಿಯನ್ನು ಹುಣ್ಣಿಮೆಯೊಳಗೆ ಹಿಂದಿರುಗಿಸತಕ್ಕದ್ದು. ತಕರಾರಿದ್ದವರು ದೊರೆಗಳ ಮೂರು ಒಗಟು ಬಿಡಿಸಲಿ. ಬಿಡಿಸಿದರೆ ವಸೂಲಿ ಮಾಫಿ, ತಪ್ಪಿದರೆ ತಲೆದಂಡ.”

ಕಲ್ಮುಡಿ ಸಂಸ್ಥಾನದಲ್ಲಿ ಹೀಗೆ ಡಂಗುರ ಸಾರಿದಾಗ, ಅರಮನೆಯ ಅಡುಗೆಮನೆಯಲ್ಲಿ ನಲವತ್ತು ವರ್ಷ ರಾಗಿ ಬೀಸಿದ್ದ ಸಿದ್ದವ್ವ ಕೊಟ್ಟಿಗೆಯ ಕಡೆ ನೋಡಿದಳು. ಐದು ಕೊಳಗ ರಾಗಿ ಕೊಡಬೇಕಾದರೆ ಇದ್ದೊಂದು ಹಸುವನ್ನು ಮಾರಬೇಕು. ಮಗ ಚೌಡಪ್ಪ ಬುಟ್ಟಿ ಹೆಣೆಯುವವನು. ಅಕ್ಷರ ಬಾರದು, ಆದರೆ ಯಾರ ಮಾತನ್ನೂ ಬಿಡಿಸಿ ನೋಡದೆ ಬಿಡುವ ಆಸಾಮಿಯಲ್ಲ.

“ಬ್ಯಾಡ ಕಣ್ಮಗ, ಹಸ ಹೋದ್ರೆ ಹೋಗ್ಲಿ,” ಎಂದಳು ತಾಯಿ.

“ಹಸೂನೂ ಇರ್ತದೆ, ನಾನೂ ಇರ್ತೀನಿ. ನೀ ಸುಮ್ಕಿರವ್ವ,” ಎಂದು ಅವನು ಹೊರಟ.

ಸಭೆಯಲ್ಲಿ ಅವನಿಗಿಂತ ಮುಂದೆ ಇಬ್ಬರಿದ್ದರು. ದೊರೆ ಚಿಕ್ಕಭೂಪಾಲ ಮೀಸೆ ನೀವಿಕೊಂಡು ಮೊದಲ ಒಗಟು ಹೇಳಿದ: “ಮೂರು ವರ್ಷಕ್ಕೊಮ್ಮೆ ಬರುತ್ತಾನೆ. ತಮ್ಮನ ಹೆಸರಿಟ್ಟುಕೊಂಡು ತಮ್ಮನಿಗಿಂತ ಮುಂಚೆ ಬರುತ್ತಾನೆ. ಅವನಿರುವಷ್ಟು ದಿನ ಮದುವೆಯ ವಾಲಗ ಊದುವುದಿಲ್ಲ. ಯಾರವನು?”

“ಶತ್ರು,” ಎಂದ ಮುದಿ ದಳವಾಯಿ. ತಲೆದಂಡದ ದಿನದವರೆಗೆ ಇರಲೆಂದು ಅವನನ್ನು ಸೆರೆಮನೆಗೆ ಎಳೆದೊಯ್ದರು.

ಆಸ್ಥಾನಕವಿಯಾಗಿದ್ದ ಮುದುಕ ಮೊದಲನೆಯದನ್ನು ದೊರೆಯ ಕಿವಿಯಲ್ಲಿ ಹೇಳಿ ಗೆದ್ದ. ಎರಡನೆಯದು ಬಂತು: “ನಾನು ಕೊಟ್ಟದ್ದು ನಿಜ. ಪಡೆದವನು ಕಳೆದಿಲ್ಲ, ಮಾರಿಲ್ಲ, ಬಚ್ಚಿಟ್ಟಿಲ್ಲ. ಆದರೂ ಅವನ ಹತ್ತಿರ ಇಲ್ಲ. ಏನದು?”

“ಮಾತು,” ಎಂದ ಕವಿ. ಅವನೂ ದಳವಾಯಿಯ ಪಕ್ಕ ಸೇರಿದ.

ಚೌಡಪ್ಪ ಮುಂದೆ ಬಂದು ಕೈಮುಗಿದ. “ಕಿವೀಲಿ ಹೇಳಾಕಿಲ್ಲ ಬುದ್ಧಿ, ಎಲ್ರೂ ಕೇಳ್ಲಿ. ಮೊದಲ್ನೇದು ಅಧಿಕಮಾಸ. ಎರಡ್ನೇದು ಉಂಡ ಅನ್ನ.”

ಸಭೆ ಗುಜುಗುಜು ಎಂದಿತು. ದೊರೆ ಮುಖ ಗಂಟಿಕ್ಕಿ ಮೂರನೆಯದು ಕೇಳಿದ: “ಇಬ್ಬರು ಸೇರಿ ಒಂದೇ ಹೆಸರು. ಒಬ್ಬ ದಿನ ಎಣಿಸುತ್ತಾನೆ, ಇನ್ನೊಬ್ಬ ಹೊಟ್ಟೆ ತುಂಬಿಸುತ್ತಾನೆ. ನನ್ನ ಮನೆಯಿಂದ ಹೊರಟು ನಿಮ್ಮ ಮನೆಗೆ ಬರುತ್ತಾರೆ.”

“ಮಾಸಾಶನ, ಬುದ್ಧಿ. ಮಾಸ ಅಂದ್ರೆ ತಿಂಗ್ಳು, ಅಶನ ಅಂದ್ರೆ ಊಟ. ಅಧಿಕವಾದ್ರೂ ಅದು ಮಾಸವೇ. ಆ ತಿಂಗ್ಳು ವಾಲಗ ಊದ್ದೆ ಇರ್ಬೋದು, ಹಸಿವು ಬರ್ದೆ ಇರಾಕಿಲ್ಲ. ಇನ್ನು ಅಶನ ಉಂಡಾಯ್ತು. ತಾವೇ ಅಂದ್ರಿ, ಉಂಡೋರು ಕಳ್ದಿಲ್ಲ, ಬಚ್ಚಿಟ್ಟಿಲ್ಲ ಅಂತ. ಎಲ್ಲಿಂದ ತಂದ್ಕೊಡಾದು?”

ದೊರೆ ತನ್ನದೇ ಬಲೆಯಲ್ಲಿ ಬಿದ್ದಿದ್ದ. ಅವನೇ ನಕ್ಕುಬಿಟ್ಟ. ಎಲ್ಲರ ವಸೂಲಿಯನ್ನೂ ಮಾಫಿ ಮಾಡಿದ, ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಿಸಿದ.

“ನಿನಗೇನು ಬೇಕು ಕೇಳು. ಹೊನ್ನೋ, ಉಂಬಳಿಯೋ?”

“ಈಗ ನಡೀತಿರಾದು ಅಧಿಕ ಶ್ರಾವಣ, ಬುದ್ಧಿ,” ಎಂದ ಚೌಡಪ್ಪ. “ಅವ್ವನ ಈ ತಿಂಗ್ಳ ರಾಗಿ ಇನ್ನೂ ಬಂದಿಲ್ಲ.”