ನ್ಯೂಟ್ರಾನಿನ ಪಾಲು

ಶಾಹಿದಾ ತನ್ನ ಗುರುಗಳಾದ ಹಾಲಪ್ಪ ಮೇಷ್ಟ್ರನ್ನು ಕೇಳಿದಳು: "ಸರ್, ನ್ಯೂಟ್ರಾನು ಒಂಟಿಯಾಗಿ ಬಾಳುವುದಿಲ್ಲ. ಪ್ರೋಟಾನಿನ ಜೊತೆಯಲ್ಲಿರುವಾಗಲೇ ಅದರ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿ, ಅವು ಹೇಗೆ ಚದುರಿದವೆಂದು ನೋಡಬೇಕು. ಅದರಲ್ಲಿ ಪ್ರೋಟಾನಿನ ಪಾಲು ಕಳೆದರೆ, ಉಳಿದದ್ದು ನ್ಯೂಟ್ರಾನಿನ ಒಳಗಿನ ಕಾಂತಗುಣ. ನಾನೂ ಕಳೆದೆ. ಏನೂ ಉಳಿಯುತ್ತಿಲ್ಲ. ಇಷ್ಟು ವರ್ಷ ಹುಡುಕಿದ್ದು ಅದರೊಳಗೆ ಇರಲೇ ಇಲ್ಲವೇ?"

ಮೇಷ್ಟ್ರು ಅವಳ ಲೆಕ್ಕವನ್ನು ನೋಡಲೂ ಇಲ್ಲ. ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನ ತಾಯಿಯೂ ದೊಡ್ಡಮ್ಮನೂ ಜೋಡಿಯಾಗಿ ಸೋಬಾನೆ ಹಾಡುವವರು. ಈಗ ಮದುವೆಮನೆಯಲ್ಲಿ ಹಾಡಿನ ಡಬ್ಬಿ ಕಿರುಚುತ್ತದೆ. ಆಗ ಹೆಂಗಸರು ಹಾಡುತ್ತಿದ್ದರು. ಎಂಥ ಚೆಂದದ ಕಾಲ ಅದು! ಸೋಬಾನೆ ಒಬ್ಬರ ಹಾಡಲ್ಲ. ಒಬ್ಬರು ಎತ್ತಿಕೊಟ್ಟರೆ ಇನ್ನೊಬ್ಬರು ಹಿಡಿಯಬೇಕು. ದೊಡ್ಡಮ್ಮನದು ಚಪ್ಪರ ದಾಟಿ ಕೇಳುವ ಕಂಠ. ತಾಯಿಯದು ಮೆಲುದನಿ. ಒಬ್ಬಳೇ ಹಾಡು ಎಂದರೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗಿಬಿಡುತ್ತಿದ್ದಳು.

ತಾಯಿ ತೀರಿಹೋಗಿ ಎಷ್ಟೋ ಕಾಲವಾದ ಮೇಲೆ ನೇಕಾರನ ಮಗಳಿಗೆ ಮದುವೆ ಗೊತ್ತಾಯಿತು. ಅವಳು ಸೀರೆ ಕೇಳಲಿಲ್ಲ, ಒಡವೆ ಕೇಳಲಿಲ್ಲ. ಅಜ್ಜಿ ಹಾಡುತ್ತಿದ್ದುದನ್ನು ತನಗೆ ಕಲಿಸು ಎಂದಳು.

ನೇಕಾರನ ಕಿವಿಯಲ್ಲಿ ಎರಡು ದನಿಯೂ ಕಲೆತು ಉಳಿದಿದ್ದವು. ದೊಡ್ಡಮ್ಮನ ಪಾಲು ತೆಗೆದರೆ ಮಿಕ್ಕಿದ್ದು ಅವ್ವನದು ಎಂದುಕೊಂಡ. ದೊಡ್ಡಮ್ಮನನ್ನು ಕೂರಿಸಿ ಹಾಡಿಸಿದ. ಮಗಳೂ ಬಾಗಿಲಲ್ಲಿ ನಿಂತು ಕೇಳಿದಳು. ಮುದುಕಿ ಒಂದು ಸೊಲ್ಲೂ ಬಿಡದೆ ಪೂರ್ತಿ ಹಾಡಿದಳು. ಅವ್ವನಿಗೆಂದು ಏನೂ ಮಿಗಲಿಲ್ಲ. ಚಿಕ್ಕಂದಿನಲ್ಲಿ ಅವಳ ತೊಡೆಯ ಮೇಲೆ ಮಲಗಿ ಕೇಳಿದ್ದೆಲ್ಲ ಸುಳ್ಳೇ ಎನಿಸಿ ಅವನು ಕೇಳಿದ:

"ದೊಡ್ಡವ್ವ, ನಮ್ಮವ್ವ ಸುಮ್ನೆ ಬಾಯಾಡಿಸ್ತಿದ್ಲಾ?"

ಮುದುಕಿಗೆ ಸಿಟ್ಟು ಬಂತು. "ಥೂ ಹುಚ್ಚಪ್ಪ! ಅವಳಿದ್ದಾಗ ನಾನೆಲ್ಲಿ ಹಿಂಗೆ ಹಾಡ್ತಿದ್ದೆ? ನಾನು ಉಸ್ರು ತಗಳ್ಳೋ ಕಡೆಯೆಲ್ಲ ಅವಳು ಹಿಡ್ಕಂತಿದ್ಲು. ಈಗ ಹಿಡಿಯೋರಿಲ್ಲ ಅಂತ ಅವಳದ್ದೂ ನಾನೇ ಹಾಡ್ತಿದೀನಿ. ಕರಿ ನಿನ್ನ ಮಗಳನ್ನ."

ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಅವಳು ಮತ್ತೆ ಹಾಡಿದಳು. ಈ ಸಲ ಅಲ್ಲಲ್ಲಿ ನಿಲ್ಲಿಸಿ ಹುಡುಗಿಯ ಮುಖ ನೋಡಿದಳು. ಆಗಷ್ಟೇ ಕೇಳಿದ್ದ ಸೊಲ್ಲನ್ನು ಹುಡುಗಿ ಅಳುಕುತ್ತಲೇ ಹಿಡಿದಳು. ಮುದುಕಿ ಬಿಟ್ಟುಕೊಟ್ಟಿದ್ದು ಒಂದೆರಡು ಕಡೆಯಲ್ಲ, ಹಾಡಿನ ಉದ್ದಕ್ಕೂ. ಅವ್ವ ಎಲ್ಲೆಲ್ಲಿದ್ದಳೆಂದು ನೇಕಾರನಿಗೆ ತಿಳಿಯಿತು. ಅವನು ಗೋಡೆಯ ಕಡೆ ತಿರುಗಿ ಅತ್ತ.

ಕತೆ ಮುಗಿಸಿ ಮೇಷ್ಟ್ರು ಕೇಳಿದರು: "ಶಾಹಿದಾ, ನೀನು ಕಳೆದ ಪ್ರೋಟಾನು ಜೊತೆಯಲ್ಲಿದ್ದಾಗ ಅಳೆದದ್ದೋ, ಒಂಟಿಯಾಗಿ ಕೂರಿಸಿ ಹಾಡಿಸಿದ್ದೋ?"

ಶಾಹಿದಾ ತನ್ನ ಲೆಕ್ಕವನ್ನು ಬಿಚ್ಚಿ, ಒಂಟಿ ಪ್ರೋಟಾನನ್ನು ಅಳೆದು ಬರೆದುಕೊಂಡಿದ್ದ ಅಂಕಿಯ ಮೇಲೆ ಗೆರೆ ಎಳೆದಳು.