ಶಿಲೇಲಿ ಎಂಬ ಊರು

"ಬುದ್ಧೀ, ನಾವು ಹೋದ ಮೇಲೂ ನಮ್ಮ ಹೆಸರು ಉಳಿಯಬೇಕಾದರೆ ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ. ಮಠದ ಹೊಸ ಪ್ರಸಾದ ನಿಲಯದ ಬಾಗಿಲ ಮೇಲೆ ತನ್ನ ಹೆಸರು ಕೆತ್ತಿಸುವ ಆಸೆ ಅವನಿಗೆ. ಕೇಳುವುದಕ್ಕೆ ಮೊದಲೇ ಕಲ್ಲುಕುಟಿಗನಿಗೆ ಹೇಳಿಯೂ ಬಂದಿದ್ದ. ಗುರುಗಳಿಗೆ ಅದು ಗೊತ್ತಿತ್ತು.

"ಕೂತುಕೋ. ಒಂದು ಕತೆ ಹೇಳುತ್ತೇನೆ. ನಡೆದದ್ದೋ ಕಟ್ಟಿದ್ದೋ ಎಂದು ನನ್ನ ತಲೆ ತಿನ್ನಬೇಡ" ಎಂದು ಶುರುಮಾಡಿದರು.

ಐರ್ಲೆಂಡ್ ದೇಶದಲ್ಲಿ ಶಿಲೇಲಿ ಎಂದೊಂದು ಊರು. ಅಲ್ಲಿ ನೆಲೆನಿಂತ ಕುಲದವರು, ತಮ್ಮ ಮೂಲಪುರುಷನ ಸಂತತಿ ಎಂಬ ಅರ್ಥ ಬರುವಂತೆ ಆ ಹೆಸರು ಇಟ್ಟಿದ್ದರಂತೆ. ಸುತ್ತ ಓಕ್ ಮರಗಳ ದೊಡ್ಡ ಕಾಡು. ಆ ಕುಲದ ಮುದುಕನೊಬ್ಬ ಊರುಗೋಲು ಮಾಡಿ ಬದುಕುತ್ತಿದ್ದ. ಬುಡದ ಗಂಟನ್ನು ಹಿಡಿಗೆ ಉಳಿಸಿಕೊಂಡು ಓಕ್ ಸಸಿ ಕಡಿಯುವುದು, ಬೆಣ್ಣೆ ಸವರುವುದು, ಒಲೆಯ ಹೊಗೆಗೂಡಿನಲ್ಲಿ ತೂಗುಹಾಕಿ ಎರಡು ವರ್ಷ ಕಾಯುವುದು. ಕೋಲು ಕಪ್ಪಗಾಗಿ ಕಲ್ಲಿನಷ್ಟು ಗಟ್ಟಿಯಾಗುತ್ತಿತ್ತು. ವಯಸ್ಸಾದವರು, ಕುರಿ ಕಾಯುವವರು ಕೊಳ್ಳುತ್ತಿದ್ದರು.

ಅಷ್ಟರಲ್ಲಿ ದೊರೆಗಳ ಕಣ್ಣು ಕಾಡಿನ ಮೇಲೆ ಬಿತ್ತು. ಹಡಗಿಗೆಂದು ಒಂದಷ್ಟು ಕಡಿದರು, ಅರಮನೆಯ ತೊಲೆಗೆಂದು ಒಂದಷ್ಟು. ಕಾಡು ಬೋಳಾಯಿತು. ಕುಲದವರು ಹೊಟ್ಟೆಪಾಡಿಗೆ ಒಬ್ಬೊಬ್ಬರಾಗಿ ಊರು ಬಿಟ್ಟರು. ಕೊನೆಗೆ ಉಳಿದವರು ಮುದುಕ ಮತ್ತು ಅವನ ಒಬ್ಬನೇ ಮಗ. ಕಾಡೂ ಹೋಯಿತು, ಜನರೂ ಹೋದರು, ಹೆಸರೊಂದಾದರೂ ಉಳಿಯಲಿ ಎಂಬ ಹಟ ಮುದುಕನಿಗೆ ಹಿಡಿಯಿತು. ಅಲ್ಲಲ್ಲಿ ಉಳಿದಿದ್ದ ಎಳೆ ಸಸಿಗಳಿಂದಲೇ ಕೋಲು ಮಾಡುತ್ತ, ಅಂದಿನಿಂದ ಪ್ರತಿ ಕೋಲಿನ ಮೇಲೂ ಕಾದ ಕಬ್ಬಿಣದಿಂದ ಊರ ಹೆಸರು ಬರೆಯತೊಡಗಿದ.

ಒಬ್ಬ ವ್ಯಾಪಾರಿ ಬಂದ. ಕೋಲನ್ನು ಕೈಯಲ್ಲಿ ತೂಗಿ ನೋಡಿದ.

"ಗಂಟು ಕೊರೆದು ಒಳಗೆ ಸೀಸ ಹೊಯ್ದುಕೊಡಜ್ಜ. ಊರೂರ ಸಂತೆಯಲ್ಲಿ ನಿಮ್ಮೂರ ಹೆಸರು ಹೇಳಿ ಕೊಳ್ಳುತ್ತಾರೆ."

"ಅಷ್ಟು ಭಾರದ ಕೋಲು ಊರಿಕೊಂಡು ಯಾರು ನಡೆಯುತ್ತಾರೆ?"

"ನಡೆಯುವುದಕ್ಕೆ ಯಾರು ಕೇಳಿದರು?"

ಮುದುಕನಿಗೆ ಅರ್ಥವಾಗದೆ ಇರಲಿಲ್ಲ. ಸಂತೆಗಳಲ್ಲಿ ಗುಂಪು ಕಟ್ಟಿಕೊಂಡು ಬಡಿದಾಡುವುದು ಆ ಕಾಲದವರ ಚಾಳಿ. ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ, ಹೊಡೆಯುವವನು ನಾನಲ್ಲವಲ್ಲ ಎಂದುಕೊಂಡು ಸೀಸ ಕಾಯಿಸಿದ. ಹೆಸರು ಹಬ್ಬಿತು. ಕಂಡರಿಯದ ಊರುಗಳಲ್ಲೂ ಜನ ಶಿಲೇಲಿ ಬೇಕು ಎನ್ನುತ್ತಾರೆಂದು ತಿಳಿದು ಮುದುಕ ಹಿರಿಹಿರಿ ಹಿಗ್ಗಿದ.

ಒಮ್ಮೆ ಮಗ ಹಸು ಮಾರಲು ದೂರದ ಸಂತೆಗೆ ಹೋದ. ಯಾರದೋ ಜಗಳ ಬಿಡಿಸಲು ನಡುವೆ ನುಗ್ಗಿದ. ಸುದ್ದಿ ತಿಳಿದು ಮುದುಕ ಬಿದ್ದೆದ್ದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಗನ ಮುಖಕ್ಕೆ ಬಟ್ಟೆ ಹೊದಿಸಿದ್ದರು.

"ಯಾತರಲ್ಲಿ ಹೊಡೆದರು?" ಎಂದು ಕೇಳಿದ.

"ಶಿಲೇಲಿಯಲ್ಲಿ, ಅಜ್ಜ. ಒಂದೇ ಏಟು" ಎಂದ ಪಕ್ಕದಲ್ಲಿದ್ದ ರೈತ.

"ಅದು ನಮ್ಮೂರ ಹೆಸರಪ್ಪ. ನಮ್ಮ ಸಂತತಿಯ ಹೆಸರು."

ರೈತ ಅವನ ಮುಖ ನೋಡಿದ. "ಹಾಗೆಂದರೆ ದೊಣ್ಣೆ ಎಂದಷ್ಟೇ ನಮಗೆ ಗೊತ್ತು. ಅಂಥದೊಂದು ಊರೂ ಇದೆಯೇ?"

ಮುದುಕ ಮಗನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಊರಿಗೆ ತಂದ. ಮಣ್ಣು ಮಾಡುವ ಪೆಟ್ಟಿಗೆಗೆ ಊರಲ್ಲಿ ಒಂದು ಓಕ್ ಹಲಗೆಯೂ ಸಿಗಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, "ಆ ಮುದುಕ ಏನಾದ, ಬುದ್ಧೀ?" ಎಂದು ಕೇಳಿದ.

"ಅವನ ಆಸೆ ಈಡೇರಿತಲ್ಲಪ್ಪ, ಇವತ್ತಿಗೂ ಆ ದೊಣ್ಣೆಗೆ ಅದೇ ಹೆಸರು; ಹೋಗು, ಕಲ್ಲುಕುಟಿಗ ಕಾಯುತ್ತಿದ್ದಾನೆ."