ಅವಳಿಗಳ ಬೆರಳಿಗೆ ಹೊಳೆ ಬರೆದ ಸುಳಿ

ಲೋಕ ಆಗಿನ್ನೂ ಹೊಸದು, ಮಣ್ಣಿನ ಹಸಿ ಕೂಡ ಆರಿರಲಿಲ್ಲ. ಆ ಕಾಲದಲ್ಲಿ ಅವಳಿ ಮಕ್ಕಳು ಹುಟ್ಟಿದರೆ ಕೂದಲೆಳೆಯಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ. ಮೂಗು ಅದೇ, ಅಳು ಅದೇ, ಬೆರಳ ತುದಿ ಇಬ್ಬರದೂ ನುಣ್ಣಗೆ.

ಹೊಳೆದಂಡೆಯ ಹಾಲಮ್ಮನಿಗೂ ಅಂಥವೇ ಎರಡು ಗಂಡುಮಕ್ಕಳು, ಬೀರ ಮತ್ತು ಬೊಮ್ಮ. ಯಾರು ಬೀರ, ಯಾರು ಬೊಮ್ಮ ಅಂತ ಕೇಳಿದರೆ, "ನಾನು ಎತ್ತಿಕೊಂಡಿರೋನು ಬೀರ, ಕೆಳಗಿರೋನು ಬೊಮ್ಮ" ಅನ್ನುತ್ತಿದ್ದಳು. ಪಾಪ, ಇನ್ನೇನು ತಾನೇ ಹೇಳಿಯಾಳು?

ಒಂದು ದಿನ ಇಬ್ಬರಿಗೂ ಜ್ವರ ಬಂತು. ಮೈ ಮುಟ್ಟಿದರೆ ಕೆಂಡ. ಹಾಲಮ್ಮ ಜ್ವರದ ಬೇರನ್ನು ನೆಲ್ಲಿಕಾಯಿ ರಸದಲ್ಲಿ ತೇದಳು. ಆ ಬೇರು ಒಂದು ಸಲ ಕುಡಿಸಿದರೆ ಮದ್ದು, ಎರಡು ಸಲ ಕುಡಿಸಿದರೆ ವಿಷ. ಕುಡಿಸದೇ ಬಿಟ್ಟರೆ ಜ್ವರವೇ ಮಗುವನ್ನು ಒಯ್ಯುತ್ತಿತ್ತು. ಒಬ್ಬನಿಗೆ ಒಳಲೆಯಲ್ಲಿ ಕುಡಿಸಿ, ಗುರುತಿಗೆ ಅಂತ ಕೆನ್ನೆಗೊಂದು ಕಾಡಿಗೆ ಬೊಟ್ಟಿಟ್ಟಳು. ಅಷ್ಟರಲ್ಲಿ ಬೇರು ಮುಗಿಯಿತು. ಇನ್ನೊಂದನ್ನು ಅಗೆದು ತರಲು ಹಿತ್ತಲಿಗೆ ಹೋದಳು.

ಬಂದು, ತೇದು, ಒಳಲೆ ಹಿಡಿದು ನೋಡುತ್ತಾಳೆ, ಇಬ್ಬರ ಕೆನ್ನೆಯೂ ಕಪ್ಪು. ಮಕ್ಕಳು ಹೊರಳಿ ಕೆನ್ನೆಗೆ ಕೆನ್ನೆ ತಾಗಿಸಿ ಮಲಗಿಬಿಟ್ಟಿದ್ದವು.

"ಬೊಟ್ಟಿಡೋ ಬುದ್ಧಿ ಇತ್ತು, ದೂರ ದೂರ ಮಲಗಿಸೋ ಬುದ್ಧಿ ಇಲ್ಲದೆ ಹೋಯ್ತಲ್ಲ ನನಗೆ" ಅಂತ ಹಾಲಮ್ಮ ಹಣೆ ಚಚ್ಚಿಕೊಂಡಳು. ಇಬ್ಬರನ್ನೂ ಅವುಚಿಕೊಂಡು ಹೊಳೆಯ ಹತ್ತಿರ ಓಡಿದಳು.

ಜೀವಕ್ಕೆಲ್ಲ ಮೂಲವಾದ ಬೀಜಪ್ಪ ಆಗ ಅಲ್ಲೇ ದಂಡೆಯ ಮೇಲೆ ಕೂತಿರುತ್ತಿದ್ದ. "ಬೀಜಪ್ಪ, ಇವರಲ್ಲಿ ಮದ್ದು ಕುಡಿದೋನು ಯಾರು ಹೇಳಪ್ಪ" ಅಂದಳು.

"ನನ್ನ ಕೇಳಿ ಏನು ಪ್ರಯೋಜನ ತಾಯಿ? ಒಂದೇ ಬೀಜ ಎರಡಾಗಿ ಇವರಾದರು. ಮೂಗು ಹೀಗಿರಲಿ, ಕಣ್ಣು ಹಾಗಿರಲಿ ಅಂತ ಇಬ್ಬರಿಗೂ ಒಂದೇ ಮಾತು ಹೇಳಿ ಕಳಿಸಿದೀನಿ. ಆಮೇಲೆ ಅವರು ಏನು ಉಂಡರೋ, ಏನು ಕುಡಿದರೋ ನಾನು ಕಾಣೆ."

ಹೊಳೆ ಇದನ್ನು ಕೇಳಿಸಿಕೊಂಡಿತು. "ಬೀಜಪ್ಪ, ನಿನಗೆ ಗೊತ್ತಿಲ್ಲದಿದ್ದರೆ ಅವರ ಮೈಗೆ ಗೊತ್ತಿರುತ್ತೆ ಬಿಡು. ಹಾಲಮ್ಮ, ಇಬ್ಬರ ಬಾಯಿಗೂ ನನ್ನ ನೀರು ಒಂದೊಂದು ಗುಟುಕು ಹಾಕು."

ಹಾಕಿದಳು. ಒಬ್ಬ ಮುಖ ತಿರುಗಿಸಿದ. ಇನ್ನೊಬ್ಬ ಚಪ್ಪರಿಸಿ, ಇನ್ನೂ ಬೇಕು ಅಂತ ಬಾಯಿ ತೆರೆದ. ನೆಲ್ಲಿಕಾಯಿ ಸೋಕಿದ ನಾಲಿಗೆಗೆ ನೀರು ಸಿಹಿಯಾಗುತ್ತದಲ್ಲ, ಹಾಗೆ. ಹಾಲಮ್ಮ ಮನೆಗೆ ಓಡಿ, ಮುಖ ತಿರುಗಿಸಿದವನಿಗೆ ಮದ್ದು ಕುಡಿಸಿದಳು. ಸಂಜೆಗೆ ಇಬ್ಬರ ಜ್ವರವೂ ಬಿಟ್ಟಿತು. ಹಾಲಮ್ಮ ಮತ್ತೆ ಹೊಳೆದಂಡೆಗೆ ಬಂದಳು.

"ಹೊಳೆಯಮ್ಮ, ನನಗೆ ಬಂದ ಗತಿ ಇನ್ನೊಬ್ಬ ತಾಯಿಗೆ ಬರೋದು ಬೇಡ. ಒರೆಸಿದರೆ ಹೋಗದಂಥ ಗುರುತು ಕೊಡು" ಅಂದಳು.

"ಹೊಟ್ಟೆಯೊಳಗೆ ಮಕ್ಕಳು ತೇಲೋದು ನೀರಿನಲ್ಲೇ ಅಲ್ಲವೇ? ಒಬ್ಬ ಆ ಕಡೆ ಒದೀತಾನೆ, ಇನ್ನೊಬ್ಬ ಈ ಕಡೆ ಹೊರಳುತಾನೆ. ಅವರವರು ಆಡಿದ ಹಾಗೆ ಬೆರಳ ತುದಿಗೆ ನಾನು ಸುಳಿ ಬರೀತೀನಿ" ಅಂದಿತು ಹೊಳೆ.

ಬೀಜಪ್ಪನೂ ತಲೆಯಾಡಿಸಿದ. "ನಾನು ಹೇಳೋ ಮಾತು ಬದಲಾಗಲ್ಲ. ಆದರೆ ಅದರಲ್ಲಿ ಮೈ ಯಾವುದಕ್ಕೆ ಕಿವಿಗೊಡಬೇಕು, ಯಾವುದಕ್ಕೆ ಸುಮ್ಮನಿರಬೇಕು ಅನ್ನೋದನ್ನ ಅವರವರು ಉಂಡ ಅನ್ನ, ಕಂಡ ಬಿಸಿಲು, ಪಟ್ಟ ಜ್ವರ ಹೇಳಲಿ."

ಅದಕ್ಕೇ ಮಗಾ, ಎದುರು ಮನೆ ಅವಳಿಗಳಲ್ಲಿ ಒಬ್ಬ ಧೂಳು ಕಂಡರೆ ಸೀನುತ್ತಾನೆ, ಇನ್ನೊಬ್ಬನಿಗೆ ಏನೂ ಆಗುವುದಿಲ್ಲ. ಇಬ್ಬರ ಬೆರಳಿಗೂ ಶಾಯಿ ಹಚ್ಚಿ ಒತ್ತಿಸಿ ನೋಡು, ಯಾವ ತಾಯಿಯ ಮಕ್ಕಳಾದರೂ ಸರಿ, ಒಬ್ಬನ ಸುಳಿ ಇನ್ನೊಬ್ಬನಿಗೆ ಇವತ್ತಿಗೂ ಇಲ್ಲ.